ನನ್ನ ಸೋಮವಾರಗಳನ್ನು ಹಂಚಿಕೊಂಡವರು

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬೆನ್ನು ನೋವನ್ನು ಯಾರೂ ಕಾಯಿಲೆ ಎಂದು ಕರೆಯುವುದಿಲ್ಲ. ಅದು ಕಸುಬಿನ ಜೊತೆಗೆ ಬರುವ ಪದವಿ. ರೇಷ್ಮೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನಲವತ್ತು ವರ್ಷ ಕೂತವನಿಗೆ ಬೆನ್ನು ನೋಯದಿದ್ದರೆ, ಅವನು ಕೂತದ್ದು ನಿಜವೇ ಎಂದು ಬೀದಿ ಅನುಮಾನಪಡುತ್ತದೆ. ನಾನು ಅಂಥ ಅನುಮಾನಕ್ಕೆ ಎಡೆ ಕೊಟ್ಟವನಲ್ಲ. ಆದ್ದರಿಂದ ನನ್ನ ಬೆನ್ನು ನೋಯಲು ಶುರುವಾದಾಗ, ಅದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ ಏಳು ತಿಂಗಳು ಸುಮ್ಮನಿದ್ದೆ.

ಇದು ನಾನು ಮಾಡಿದ ಮೊದಲ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು, ಅದನ್ನು ನಾನು ಒಬ್ಬನೇ ಮಾಡಲೂ ಇಲ್ಲ. ಬೆನ್ನು ಹಿಡಿದುಕೊಂಡು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಎರಡೂ ತಪ್ಪುಗಳನ್ನು ನನ್ನ ಹೆಸರಿನಲ್ಲೇ ಬಿಟ್ಟು ತಾವು ಆಸ್ಪತ್ರೆಗೆ ಹೋಗಬಹುದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲು ಸಂಜೆಯ ಹೊತ್ತು ಮೈ ಬಿಸಿಯಾಗುತ್ತಿತ್ತು. ಆಮೇಲೆ ತೂಕ ಇಳಿಯಿತು. ನನ್ನ ಹೆಂಡತಿ ಜಯಮ್ಮ ಒಂದು ದಿನ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಅಂಗೀನ ಮೊಳೆಗೆ ನೇತಾಕ್ದಂಗೆ ಕಾಣ್ತೀರ. ಒಳಗೆ ನೀವು ಇದ್ದೀರೋ ಇಲ್ವೋ?" ಎಂದಳು. ಇದ್ದೇನೆ ಎಂದೆ. ಕೊನೆಗೆ ಎಡಗಾಲಿನ ಚಪ್ಪಲಿ ನನ್ನನ್ನು ಕೇಳದೆ ಹಿಂದೆ ಉಳಿಯತೊಡಗಿತು. ನಾನು ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಯಾರಾದರೂ ಕೂಗಿ ಕರೆದು ಚಪ್ಪಲಿ ತಂದುಕೊಡಬೇಕು. ಕಾಲಿನಿಂದ ಅದು ಜಾರಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಆಗ ಹೆದರಿದೆ.

ಹೆದರಿದವನು ನೇರ ಆಸ್ಪತ್ರೆಗೆ ಹೋದನೆಂದು ತಿಳಿಯಬೇಡಿ. ಯಳಂದೂರಿನ ಕಡೆ ಎಣ್ಣೆ ಹಾಕಿ ಬೆನ್ನು ನೀವುವ ಹಿರಿಯರೊಬ್ಬರಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದೆ. ಅವರು ಬೆನ್ನ ಮೇಲೆ ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ಅಲ್ಲಿ ಸ್ವಲ್ಪ ಉಬ್ಬಿತ್ತು. ಎಣ್ಣೆಯ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಟ್ಟು, "ಇದು ನನ್ ಕೆಲ್ಸ ಅಲ್ಲ ಕಣಪ್ಪ. ಇದ್ನ ನೀವುದ್ರೆ ನನ್ಗೂ ಪಾಪ, ನಿನ್ಗೂ ಕೇಡು. ನಾಳೆನೇ ಮೈಸೂರಿಗೋಗು" ಎಂದರು. ನನ್ನ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ ತಜ್ಞರು ಅವರೇ. ನಾನು ಕೊಟ್ಟ ದಕ್ಷಿಣೆಯನ್ನೂ ಮುಟ್ಟಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ, ಸೂಜಿ ಹಾಕಿ ಮೂಳೆಯ ಚೂರು ತೆಗೆಯುವುದಕ್ಕೆ, ಅದರ ಫಲಿತಾಂಶಕ್ಕೆ ಎಂದು ಮೂರು ಸಲ ಬೆಂಚಿನ ಮೇಲೆ ಕೂತೆವು. ಕಾಯುವವರ ಬೆಂಚಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೈಯಲ್ಲಿರುವ ಚೀಟಿಗಳನ್ನು ಮಾತ್ರ ನೋಡುತ್ತಾರೆ. ಮೂರನೆಯ ಸಲ ಪಕ್ಕದಲ್ಲಿ ಮಾರ್ಟಳ್ಳಿಯ ಮುದುಕಿಯೊಬ್ಬಳು ಕೂತಿದ್ದಳು. ನಾನು ಚೀಟಿಯನ್ನು ಮಡಿಸಿ ಬಿಡಿಸಿ ಮಾಡುವುದನ್ನು ನೋಡಿ ಸೆರಗಿನ ಗಂಟಿನಿಂದ ಒಂದು ಬಿಸ್ಕತ್ತು ತೆಗೆದು ಮುರಿದು ಕೊಟ್ಟು, ತಮಿಳು ಬೆರೆತ ಕನ್ನಡದಲ್ಲಿ, "ಸಾಪುಡು ಸಾಮಿ. ಬಯ ಪಡಬ್ಯಾಡ. ಒಳಗಿರೋ ಡಾಕ್ಟ್ರಮ್ಮ ಚಿಕ್ಕ ಪುಳ್ಳೆ, ಕಚ್ಚಕಿಲ್ಲ" ಎಂದಳು. ಅವಳಿಗೆ ಏನು ಕಾಯಿಲೆಯಿತ್ತೋ ಕೇಳಲಿಲ್ಲ. ಬಿಸ್ಕತ್ತು ತಿಂದೆ.

ಡಾಕ್ಟ್ರಮ್ಮ ನಿಜಕ್ಕೂ ಚಿಕ್ಕವರೇ. ಕಾಗದ ನೋಡಿ ಬೆನ್ನುಮೂಳೆಯ ಟಿ.ಬಿ. ಎಂದರು.

"ನನಗೆ ಕೆಮ್ಮೇ ಇಲ್ವಲ್ಲ ತಾಯಿ?"

"ಬೆನ್ನುಮೂಳೆ ಕೆಮ್ಮಲ್ಲ ಯಜಮಾನರೇ" ಎಂದು ಅವರು ಬಹಳ ಗಂಭೀರವಾಗಿ ಹೇಳಿದರು. ಆಮೇಲೆ ನನ್ನ ಎಡಪಾದವನ್ನು ಹಿಡಿದು ಮೇಲಕ್ಕೆತ್ತಲು ಹೇಳಿದರು. ಪಾದ ಸ್ವಲ್ಪ ಯೋಚಿಸಿ, ಎತ್ತುವುದಿಲ್ಲ ಎಂದು ತೀರ್ಮಾನಿಸಿತು. "ಕಾಲಿಗೆ ಹೋಗೋ ನರ ಒತ್ತಿಕೊಂಡಿದೆ. ಗುಳಿಗೆ ಕೆಲಸ ಮಾಡಿದರೆ ಒತ್ತಡ ಇಳಿಯುತ್ತೆ. ಒಂದು ವರ್ಷದ ಮೇಲೇ ಆಗುತ್ತೆ, ಒಂದು ದಿನವೂ ಬಿಡಬಾರದು. ಕಾಲು ಇನ್ನೂ ಸೋತರೆ ಆಪರೇಷನ್ ಮಾಡಬೇಕಾಗುತ್ತೆ. ಆಗಲೂ ಕಾಲು ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ."

ಸೀರೆಯನ್ನು ಕೈಯಿಂದ ನೇಯುತ್ತಾರೆಂದು ಉಡುವವರು ತಿಳಿದಿದ್ದಾರೆ. ಅರ್ಧ ನೇಯುವುದು ಕಾಲುಗಳು. ಗುಂಡಿಯೊಳಗಿನ ಹಲಗೆಗಳನ್ನು ಎಡಗಾಲು ಬಲಗಾಲು ಸರದಿಯಂತೆ ತುಳಿದರೆ ಮಾತ್ರ ಹಾಸಿನ ಎಳೆಗಳು ಬಾಯಿ ಬಿಟ್ಟು, ಅಡ್ಡನೂಲು ಒಯ್ಯುವ ಲಾಳಿಗೆ ದಾರಿ ಕೊಡುತ್ತವೆ. ಒಂದು ಕಾಲಿನ ನೇಕಾರ ಎಂಬುದು ಇಲ್ಲ. ನನಗೆ ಗೊತ್ತಿರುವ ಕೆಲಸ ಅದೊಂದೇ. ಬಸ್ಸಿನಲ್ಲಿ ಬರುವಾಗ ಜಯಮ್ಮ ಒಂದು ಸಲ ಸುಮ್ಮನೆ ನನ್ನ ಎಡಮೊಣಕಾಲಿನ ಮೇಲೆ ಕೈಯಿಟ್ಟು, ಕೊಳ್ಳೇಗಾಲ ಬರುವವರೆಗೆ ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಬೇರೆ ತಟ್ಟೆ, ಬೇರೆ ಲೋಟ ಬಂದವು. ಅದನ್ನು ಮಾಡಿದವಳೂ ಅವಳೇ, ಅಳುತ್ತಾ ಮಾಡಿದಳು. ಬೀದಿಯವರು ಬಾಗಿಲ ಹೊರಗಿನಿಂದ ಕ್ಷೇಮ ಕೇಳಿದರು. ಎರಡೇ ವಾರದಲ್ಲಿ ಇದಕ್ಕೆ ತೆರೆ ಎಳೆದವಳು ಶೋಭಾ. ಯಳಂದೂರಿನವಳು, ನಮ್ಮ ಕಡೆಯ ಟಿ.ಬಿ. ರೋಗಿಗಳ ಮನೆಗಳಿಗೆ ಬಂದು ಗುಳಿಗೆ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆ. ಮೊದಲ ಸಲ ಬಂದಾಗಲೇ ಹೊಸಿಲ ಆಚೆ ನಿಂತಿದ್ದವರಿಗೆಲ್ಲ ಕಾಣುವಂತೆ ನನ್ನ ಲೋಟ ತೆಗೆದುಕೊಂಡು ನೀರು ಕುಡಿದು, "ಇವರ ಕಾಯ್ಲೆ ಮೂಳೆನಾಗೆ ಅದೆ, ಉಸ್ರಲ್ಲಿ ಇಲ್ಲ. ಬನ್ನಿ ಒಳಕ್ಕೆ, ಬಾಗ್ಲಲ್ಲಿ ಯಾಕೆ ಬೆಳಕಿಗೆ ಅಡ್ಡ ನಿಂತಿದ್ದೀರಿ?" ಎಂದಳು. ಅವತ್ತೇ ಬೇರೆ ಲೋಟ ಅಟ್ಟಕ್ಕೆ ಹೋಯಿತು.

ಆಮೇಲಿನದು ಮಲಗುವ ಕೆಲಸ. ಎದೆಯಿಂದ ಸೊಂಟದವರೆಗೆ ಗಟ್ಟಿ ಬೆಲ್ಟು, ಮಂಚ, ಬೆಳಿಗ್ಗೆ ಗುಳಿಗೆ. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಎರಡು ಇಡ್ಲಿಯ ಮೇಲೆ ಅದನ್ನು ಕೂರಿಸುತ್ತಿದ್ದೆ. ಮೂತ್ರ ಕುಂಕುಮ ಕದಡಿದ ನೀರಿನ ಬಣ್ಣಕ್ಕೆ ತಿರುಗಿತು. ಗುಳಿಗೆಯಿಂದ ಹೀಗಾಗುತ್ತದೆಂದು ಶೋಭಾ ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ. ಜರಿ ಸೀರೆಗೆ ಇದೇ ಬಣ್ಣ ಬೇಕೆಂದು ಎಷ್ಟು ಜನ ಕೇಳಿದ್ದರು ಎಂದು ನೆನೆದೆ.

ಇಲ್ಲಿ ನನ್ನ ಅಕ್ಕ ಬರುತ್ತಾಳೆ. ಅಕ್ಕ ದೇವೀರಮ್ಮ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ಹನೂರಿನಲ್ಲಿದ್ದಾಳೆ. ಅವಳೂ ಬೆಟ್ಟದ ದೇವರು ಮಾದಪ್ಪನೂ ನೇರ ಮಾತಿನ ಸಂಬಂಧದವರು, ನಡುವೆ ಯಾರೂ ಬೇಕಿಲ್ಲ. ನನ್ನ ಸುದ್ದಿ ಕೇಳಿದ ದಿನವೇ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು ಹರಕೆ ಹೊತ್ತಿದ್ದಳು: ತಮ್ಮ ತನ್ನ ಕಾಲ ಮೇಲೆ ಬೆಟ್ಟದಲ್ಲಿ ಬಂದು ನಿಲ್ಲುವವರೆಗೆ ಪ್ರತಿ ಸೋಮವಾರ ಉಪವಾಸ ಇರುತ್ತಾನೆ, ಸಂಜೆ ದೀಪ ಹಚ್ಚುವವರೆಗೆ ಬಾಯಿಗೆ ತೀರ್ಥವಲ್ಲದೆ ಏನೂ ಹಾಕುವುದಿಲ್ಲ. ಹರಕೆ ಹೊತ್ತವಳು ಅಕ್ಕ, ಹಸಿದವನು ನಾನು. ಮನೆಗಳಲ್ಲಿ ಭಕ್ತಿಯ ಹಂಚಿಕೆ ಸಾಮಾನ್ಯವಾಗಿ ಹೀಗೇ ಇರುತ್ತದೆ.

ನಾನು ಒಪ್ಪಿಕೊಂಡೆ. ಮಲಗಿರುವವನಿಗೆ ಏನಾದರೂ ಮಾಡಬೇಕೆಂಬ ಆಸೆ ಬಹಳ. ಸೋಮವಾರ ಇಡ್ಲಿ ಇಲ್ಲ. ಇಡ್ಲಿ ಇಲ್ಲದ ಮೇಲೆ ಗುಳಿಗೆ ಎಲ್ಲಿ ಕೂರಬೇಕು? ಜಯಮ್ಮನೂ ಯೋಚಿಸಿ, ನುಂಗಿದ್ದೆಲ್ಲ ನುಂಗಿದ್ದೇ, ಗುಳಿಗೆಯೂ ಉಪವಾಸ ಮುರಿಯುತ್ತದೆ ಎಂದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಬೆಳಗಿನ ಗುಳಿಗೆಯ ಹೊತ್ತು ಮೀರಿತು ಎಂದು ಬಿಟ್ಟುಬಿಡುತ್ತಿದ್ದೆವು. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೂ ವಿಶ್ರಾಂತಿ ಬೇಕು. ವಾರದಲ್ಲಿ ಆರು ದಿನ ದುಡಿದ ಗುಳಿಗೆಗೆ ಒಂದು ದಿನ ರಜೆ ಕೊಟ್ಟರೆ ಅದು ಮರುದಿನ ಹುರುಪಿನಿಂದ ಕೆಲಸ ಮಾಡುತ್ತದೆ ಎಂದು ಮನಸ್ಸಿನಲ್ಲೇ ಸಿದ್ಧಾಂತ ಮಾಡಿಕೊಂಡೆ.

ನಾಲ್ಕು ತಿಂಗಳು ಹೀಗೆ ನಡೆಯಿತು. ಐದನೆಯ ತಿಂಗಳಲ್ಲಿ ಮೈಸೂರಿನಲ್ಲಿ ಮತ್ತೆ ಸ್ಕ್ಯಾನು. ಡಾಕ್ಟ್ರಮ್ಮನ ಹುಬ್ಬು ಕೂಡಿಕೊಂಡಿತು. ಮೂಳೆ ಇರಬೇಕಾದಷ್ಟು ಸುಧಾರಿಸಿರಲಿಲ್ಲ. ಎಡಗಾಲಿನ ಜೊತೆಗೆ ಬಲಗಾಲಿನ ಬೆರಳುಗಳೂ ಮರಗಟ್ಟತೊಡಗಿದ್ದವು. "ಗುಳಿಗೆ ತಪ್ಪಿಸಿದ್ದೀರಾ?" ಎಂದು ಕೇಳಿದರು. "ಒಂದು ದಿನವೂ ಇಲ್ಲ" ಎಂದೆ. ಶುದ್ಧ ಮನಸ್ಸಿನಿಂದ ಹೇಳಿದ ಸುಳ್ಳು ಅದು. ಇನ್ನೊಂದು ತಿಂಗಳು ನೋಡೋಣ, ಇಲ್ಲದಿದ್ದರೆ ಆಪರೇಷನ್ ಎಂದರು.

ಆ ವಾರ ಮಂಚದ ಮೇಲೆ ಮಲಗಿ ಮಾದಪ್ಪನೊಡನೆ ಮಾತನಾಡಲು ನೋಡಿದೆ. ಅಕ್ಕನಿಗೆ ಬರುವಂತೆ ನನಗೆ ಬರುವುದಿಲ್ಲ. ಅಲ್ಲಿಯವರೆಗೆ ಎಲ್ಲರೂ ಬೆಟ್ಟಕ್ಕೆ ಹೋಗುವಾಗ ಹೋಗಿ, ಉಘೇ ಎನ್ನುವಾಗ ಉಘೇ ಎಂದವನು ನಾನು. ನಡೆಯುವುದು ಬೇಡ, ಹತ್ತುವುದು ಬೇಡ, ಹಲಗೆ ತುಳಿಯುವಷ್ಟು ಮಾತ್ರ ಕಾಲು ಉಳಿಸು ಎಂದೆ. ಪಕ್ಕದ ಮನೆಗಳಲ್ಲಿ ಮಗ್ಗಗಳ ಸದ್ದು ನಡೆಯುತ್ತಿತ್ತು. ಆ ಸದ್ದಿಗೆ ಸರಿಯಾಗಿ ಕಾಲು ಆಡಿಸಲು ನೋಡಿದೆ, ಆಡಲಿಲ್ಲ. ಕಂಬಳಿ ಮುಖಕ್ಕೆ ಎಳೆದುಕೊಂಡು ಅತ್ತೆ. ಜಯಮ್ಮ ನೋಡಿದರೂ ನೋಡದವಳಂತೆ ಹೊರಗೆ ಹೋದಳು. ಅದೂ ಒಂದು ಉಪಕಾರವೇ.

ಮರುದಿನ ಶೋಭಾ ಬಂದಳು. ಅಲ್ಲಿಯವರೆಗೆ ನುಂಗಿದಿರಾ ಎಂದು ಬಾಯಿಮಾತಿನಲ್ಲಿ ಕೇಳಿ ಹೋಗುತ್ತಿದ್ದವಳು, ಈ ಸಲ ಗುಳಿಗೆಯ ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಳು.

"ಯಜಮಾನ್ರೆ, ಇಷ್ಟು ಗುಳಿಗೆ ಯಾಕೆ ಉಳ್ಕಂಡವೆ?"

"ಅವು ಸೋಮವಾರದವು ಕಣಮ್ಮ. ರಜ."

"ಯಾರ್ಗೆ ರಜ?"

"ಗುಳಿಗೆಗೆ."

ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. "ಡಾಕ್ಟ್ರು ಕೇಳ್ದಾಗ ತಪ್ಸಿಲ್ಲ ಅಂದ್ರಂತಲ್ಲ?"

"ತಪ್ಸೋದು ಬೇರೆ, ರಜ ಬೇರೆ. ಅಮಾಸೆ ದಿನ ನಾವು ಮಗ್ಗಕ್ಕೆ ಕೂರಾಕಿಲ್ಲ. ಅದ್ನ ಯಾರಾದ್ರೂ ಕೆಲ್ಸ ತಪ್ಸಿದ್ರು ಅಂತಾರಾ?"

"ಮಗ್ಗ ಒಂದಿನ ಮಲಗಿದ್ರೆ ನೇಯ್ದಿರೋ ಸೀರೆ ತಾನಾಗೇ ಬಿಚ್ಕಳಾಕಿಲ್ಲ ಯಜಮಾನ್ರೆ. ಇದು ಬಿಚ್ಕತದೆ. ಆರು ದಿನ ನೇಯ್ದಿದ್ನ ನೀವು ಸೋಮವಾರ ಸೋಮವಾರ ಬಿಚ್ತಾ ಕುಂತಿದ್ದೀರಿ."

ಯಾವ ಡಾಕ್ಟರೂ ನನಗೆ ಇಷ್ಟು ಸರಿಯಾಗಿ ತಿಳಿಸಿರಲಿಲ್ಲ. ಅವಳೇ ಮುಂದುವರಿಸಿ, ಈ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದೇ ಒಳ್ಳೆಯದು, ವಾಂತಿ ಬರುತ್ತದೆಂದು ಇಡ್ಲಿಗೆ ಅವಕಾಶ ಕೊಟ್ಟದ್ದಷ್ಟೇ ಎಂದಳು. ಅಂದರೆ ವಾರವಿಡೀ ನನ್ನ ಹೊಟ್ಟೆ ಗುಳಿಗೆಗೆ ಬೇಕಾದಂತೆ ಇದ್ದ ದಿನ ಒಂದೇ ಒಂದು. ಆ ದಿನವೇ ನಾನು ಅದನ್ನು ಹೊರಗಿಟ್ಟಿದ್ದೆ.

ಜಯಮ್ಮ ಬಿಳಿಚಿಕೊಂಡಿದ್ದಳು. ಆದರೂ ಹರಕೆ ಮುರಿಯಲು ಅವಳಿಗೆ ಧೈರ್ಯವಿಲ್ಲ. ಹೊತ್ತವರೇ ಇಳಿಸಬೇಕು. ಶೋಭಾ ಅಲ್ಲಿಂದಲೇ ಹನೂರಿಗೆ ಫೋನು ಮಾಡಿದಳು. ಅಕ್ಕ ಎಲ್ಲವನ್ನೂ ಕೇಳಿ, "ದೇವ್ರನ್ನ ಕೇಳ್ದೆ ನಾನೇನೂ ಯೋಳಾಕಿಲ್ಲ" ಎಂದು ಇಟ್ಟುಬಿಟ್ಟಳಂತೆ. ಎರಡು ದಿನದ ಮೇಲೆ ಬಸ್ಸಿಳಿದು ಮನೆಗೇ ಬಂದಳು. ಆ ಹೊತ್ತಿಗೆ ಅನ್ವರ್ ನನ್ನ ಪಕ್ಕ ಕೂತಿದ್ದ. ಅನ್ವರ್ ನಮ್ಮ ಬೀದಿಯ ತುದಿಯಲ್ಲಿ ರೇಷ್ಮೆ ನೂಲು ಹುರಿ ಮಾಡುವವನು, ಇಪ್ಪತ್ತು ವರ್ಷದಿಂದ ನನ್ನ ಮಗ್ಗಕ್ಕೆ ನೂಲು ಅವನದೇ. ಶೋಭಾಳೂ ಇದ್ದಳು.

ಅಕ್ಕ ಕಾಲು ತೊಳೆದು ಬಂದು, ನಿಂತೇ ವರದಿ ಒಪ್ಪಿಸಿದಳು. ಹನೂರಿನ ಮಾದಪ್ಪನ ಗುಡಿಯಲ್ಲಿ ಹೂ ಕೇಳಿದ್ದಾಳೆ. ಹರಕೆ ಬಿಡಲಾ ಎಂದು ಕೇಳಿದರೆ ದೇವರ ಎಡಗಡೆಯಿಂದ ಹೂ ಬಿತ್ತು. ಎಡಗಡೆ ಎಂದರೆ ಇಲ್ಲ. ಮತ್ತೆ ನಿಂತು, ನನ್ನ ತಮ್ಮನ ಬದಲು ಬೇರೆಯವರು ಉಪವಾಸ ಹಿಡಿಯಬಹುದಾ ಎಂದು ಕೇಳಿದಳು. ಬಲಗಡೆಯಿಂದ ಬಿತ್ತು.

"ಅದ್ಕೆ ಇವತ್ತಿಂದ ನಿನ್ ಸೋಮವಾರ ನನ್ದು ಕಣ್ಲಾ ನಂಜುಂಡ. ನೀನು ಗುಳಿಗೆ ನುಂಗು, ಇಡ್ಲಿ ತಿನ್ನು, ಏನಾದ್ರೂ ಮಾಡ್ಕೊ."

ಶೋಭಾ ಎದ್ದು ನಿಂತಳು. "ಅಜ್ಜಿ, ನಿಮ್ಗೆ ಸಕ್ಕರೆ ಕಾಯ್ಲೆ ಅದೆ ಅಲ್ವಾ? ನೀವು ಉಪವಾಸ ಇದ್ರೆ ಮುಂದಿನ್ ಮಂಚ ನಿಮ್ದೇಯ."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಅಕ್ಕನಿಗೆ ಎದುರು ಮಾತಾಡಿದ ಹೆಣ್ಣನ್ನು ನಾನು ಅದೇ ಮೊದಲು ಕಂಡದ್ದು. ಆಗ ಅನ್ವರ್ ಗಂಟಲು ಸರಿ ಮಾಡಿಕೊಂಡ.

"ಅಕ್ಕ, ಸೋಮವಾರದ ಉಪವಾಸ ನಮ್ಮಲ್ಲೂ ಅದೆ. ಇರೋದು ಒಳ್ಳೇದು ಅಂತಾರೆ. ನಾನು ಸೋಂಬೇರಿ, ಇಟ್ಟಿರ್ಲಿಲ್ಲ. ಮೊದಲ್ನೇ ಸೋಮವಾರ ನಂಗೆ ಕೊಡಿ."

"ನಿಮ್ಮಲ್ಲಿ ಬೆಳಗಿನ್ ಜಾವ ಎದ್ದು ತಿಂದ್ಬುಡ್ತೀರಲ್ಲ. ಅದ್ಯಾವ ಸೀಮೆ ಉಪವಾಸ್ವಪ್ಪ?"

"ನಿಮ್ಮೋರು ಮಧ್ಯಾಹ್ನ ಹಾಲು, ಬಾಳೆಹಣ್ಣು, ಮೇಲೆ ಒಂದ್ ಪ್ಲೇಟು ಉಪ್ಪಿಟ್ಟು ತಿಂತಾರಲ್ಲ, ಅದ್ಯಾವ ಸೀಮೇದಕ್ಕ? ನಾವು ನೀರೂ ಕುಡಿಯಾಕಿಲ್ಲ."

ಅಕ್ಕ ಕೂತಳು. ಅವಳು ಕೂತರೆ ಮಾತುಕತೆಗೆ ಒಪ್ಪಿದಳೆಂದು ಅರ್ಥ. "ಮಾದಪ್ಪ ಕೇಳ್ದೋನು ಉಪವಾಸ. ಜಾತಿ ಕೇಳ್ಲಿಲ್ಲ" ಎಂದಳು. "ಆದ್ರೆ ಸಂಜೆ ಈ ಮನೇಲೇ ಬಂದು ಬಾಯಿಗೆ ನೀರಾಕ್ಕೋಬೇಕು. ದೀಪದ ಮುಂದೆ. ಜಯಮ್ಮ ನೋಡಿ ನಂಗೆ ಯೋಳ್ಬೇಕು."

ಹೀಗೆ ನನ್ನ ಸೋಮವಾರಗಳು ಹಂಚಿಕೆಯಾದವು. ಮೊದಲನೆಯದು ಅನ್ವರನಿಗೆ, ಎರಡನೆಯದು ಜಯಮ್ಮನಿಗೆ. ಆಮೇಲೆ ಬೀದಿಯವರು ತಾವಾಗಿ ಬಂದು ಹೆಸರು ಹೇಳಿದರು. ಬಾಗಿಲ ಹೊರಗಿನಿಂದ ಕ್ಷೇಮ ಕೇಳಿದ್ದವರೇ ಅವರಲ್ಲಿ ಮುಂದೆ. ಅಕ್ಕನಿಗೆ ಮೇಲ್ವಿಚಾರಣೆ. ಅವಳು ಭಾನುವಾರ ಸಂಜೆ ಹನೂರಿನಿಂದ ಫೋನು ಮಾಡಿ ನಾಳೆ ಯಾರ ಸರದಿ ಎಂದು ವಿಚಾರಿಸುವಳು, ಸರದಿಯವರಿಗೇ ಫೋನು ಮಾಡಿ ಎಚ್ಚರಿಕೆಯನ್ನೂ ಕೊಡುವಳು. ಒಬ್ಬ ಮಧ್ಯಾಹ್ನ ಬೋಂಡದ ಅಂಗಡಿಯ ಮುಂದೆ ನಿಂತದ್ದು ಅವಳಿಗೆ ಹನೂರಿನಲ್ಲಿದ್ದುಕೊಂಡೇ ತಿಳಿಯಿತು. ಹೇಗೆ ಎಂದು ನಾವು ಕೇಳಲಿಲ್ಲ. ಅವನು ಮುಂದಿನ ಸೋಮವಾರವೂ ಉಪವಾಸ ಇರಬೇಕಾಯಿತು.

ಸೋಮವಾರ ಬೆಳಿಗ್ಗೆ ನಾನು ಗುಳಿಗೆ ನುಂಗಿ, ಎರಡು ಇಡ್ಲಿ ತಿಂದು, ತುಂಬಿದ ಹೊಟ್ಟೆಯಲ್ಲಿ ಮಲಗಿರುತ್ತಿದ್ದೆ. ಆ ಬೀದಿಯಲ್ಲಿ ಎಲ್ಲೋ ಒಬ್ಬರು ನನಗಾಗಿ ಹಸಿದಿರುತ್ತಿದ್ದರು. ಇದನ್ನು ತಿಳಿದುಕೊಂಡು ಮಲಗುವುದು ಸುಲಭವಲ್ಲ. ನಾಚಿಕೆಯಾಗುತ್ತದೆ. ಆದರೆ ಹೆದರಿಕೆ ಕಡಿಮೆಯಾಗುತ್ತದೆ. ಗುಳಿಗೆ ಗಂಟಲಲ್ಲಿ ನಿಂತಾಗ, ವಾಂತಿ ಬಂದಾಗ, ಇನ್ನು ಸಾಕು ಎನ್ನಿಸಿದಾಗ, ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ನಿಧಾನವಾದದ್ದು ಕೇಳುತ್ತಿತ್ತು. ಅವನಿಗೆ ಹಸಿವಾಗಿದೆ ಎಂದು ತಿಳಿದು ನುಂಗಿಬಿಡುತ್ತಿದ್ದೆ. ದೇವರ ವಿಷಯದಲ್ಲಿ ನನಗೆ ಗೊತ್ತಿರುವುದು ಇಷ್ಟು: ಅಕ್ಕ ಅವನನ್ನು ಎರಡನೆಯ ಸಲ ಕೇಳಿದಳು, ಅವನು ಬಲಗಡೆಯಿಂದ ಕೊಟ್ಟ. ಉಳಿದದ್ದನ್ನು ತಿಳಿದವರು ಹೇಳಲಿ.

ಒಂದು ತಿಂಗಳಿಗೆ ಬಲಗಾಲಿನ ಬೆರಳುಗಳು ಎಚ್ಚೆತ್ತವು. ರಜೆಯ ವಿಚಾರವನ್ನು ಶೋಭಾ ಮೈಸೂರಿಗೆ ಮೊದಲೇ ತಿಳಿಸಿದ್ದಳು. ಡಾಕ್ಟ್ರಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. "ಕಾಲು ಸೋತದ್ದಕ್ಕೆ ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಆದರೆ ಇನ್ನು ರಜೆ ಬೇಡ" ಎಂದರು. ಆಪರೇಷನ್ ಮುಂದಕ್ಕೆ ಹೋಯಿತು, ಆಮೇಲೆ ಬೇಡವೆಂದಾಯಿತು. ಎಂಟನೆಯ ತಿಂಗಳು ಗೋಡೆ ಹಿಡಿದು ನಿಂತೆ. ಹನ್ನೊಂದನೆಯ ತಿಂಗಳು ಕೋಲು ಹಿಡಿದು ಅನ್ವರನ ಮನೆಯವರೆಗೆ ಹೋಗಿ, ಅವನ ಹುರಿ ಮಿಷನ್ನಿನ ಮುಂದೆ ಕೂತು, ನೂಲು ಸರಿಯಿಲ್ಲವೆಂದು ಜಗಳವಾಡಿ ಬಂದೆ. ಹದಿನೈದನೆಯ ತಿಂಗಳು ಗುಳಿಗೆ ನಿಂತಿತು.

ಮರುವಾರವೇ ಉಪವಾಸ ಹಿಡಿದವರೆಲ್ಲ ಸೇರಿ ಬಸ್ಸಿನಲ್ಲಿ ಬೆಟ್ಟಕ್ಕೆ ಹೋದೆವು. ಬಸ್ ನಿಲ್ದಾಣದಿಂದ ಗುಡಿಯವರೆಗೆ ನಾನು ಕೋಲೂರಿಕೊಂಡು ನಡೆದೆ. ಕೋಲು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನನಗೆ ಸಂಶಯವಿತ್ತು. "ಕಾಲು ನಿಂದೇ ತಾನೇ? ಸುಮ್ಕೆ ನಡಿ" ಎಂದಳು ಅಕ್ಕ. ಅವಳು ಮುಡಿಪು ಒಪ್ಪಿಸಿ ಒಳಗೆ ಏನೋ ಬಹಳ ಹೊತ್ತು ಮಾತಾಡಿದಳು. ಅನ್ವರ್ ಹೊರಗೆ ಮೆಟ್ಟಿಲ ಮೇಲೆ ನಮ್ಮೆಲ್ಲರ ಚಪ್ಪಲಿ ಕಾಯುತ್ತಾ ಲಾಡು ತಿಂದ.

ಮಗ್ಗಕ್ಕೆ ಕೂರಲು ಅಪ್ಪಣೆ ಸಿಕ್ಕಿದ್ದು ಅದಕ್ಕೂ ಎರಡು ತಿಂಗಳ ಮೇಲೆ, ದಿನಕ್ಕೆ ಒಂದು ಗಂಟೆ. ಆ ಬೆಳಿಗ್ಗೆ ಮನೆ ತುಂಬ ಜನ. ಯಾರನ್ನೂ ಹತ್ತಿರ ಬರಬೇಡಿ ಎಂದೆ. ಕೂರುವ ಹಲಗೆ ಹಿಡಿದು, ಒಂದೊಂದೇ ಕಾಲನ್ನು ಗುಂಡಿಗೆ ಬಿಟ್ಟು ಕೂತೆ. ಬಲಗಾಲು ತುಳಿಯಿತು. ಎಳೆ ಬಾಯಿ ಬಿಟ್ಟಿತು, ಲಾಳಿ ಹೋಯಿತು. ಎಡಗಾಲು. ಅದು ಒಂದು ಕ್ಷಣ ತಡ ಮಾಡಿತು. ಆಮೇಲೆ ತುಳಿಯಿತು. ಲಾಳಿ ಹಿಂದಕ್ಕೆ ಬಂತು. ಹಿಂದೆ ಯಾರೋ ಮೂಗೊರೆಸಿಕೊಂಡ ಸದ್ದು. ನಾನು ತಿರುಗಿ ನೋಡಲಿಲ್ಲ. ಎಡಗಾಲು ಈಗಲೂ ಒಂದು ಕ್ಷಣ ತಡವೇ, ನನ್ನ ಸೀರೆ ಉಡುವವರಿಗೆ ಅದು ತಿಳಿಯುವುದಿಲ್ಲ.

ನಾಲ್ಕು ಬೆರಳಗಲ ನೇಯ್ದು ಏಳಲು ನೋಡಿದರೆ, ಕಾಲು ಮೇಲಕ್ಕೆ ಬರಲಿಲ್ಲ. ಇಳಿಯುವುದನ್ನು ಕುರಿತು ಹದಿನೇಳು ತಿಂಗಳು ಯೋಚಿಸಿದ್ದೆ, ಹತ್ತುವುದನ್ನು ಕುರಿತು ಯೋಚಿಸಿರಲಿಲ್ಲ. ಅನ್ವರ್ ಒಂದು ಕಂಕುಳಿಗೆ ಕೈ ಹಾಕಿದ, ಬೋಂಡದ ಅಂಗಡಿಯ ಮುಂದೆ ಸಿಕ್ಕಿಬಿದ್ದಿದ್ದ ಆಸಾಮಿ ಇನ್ನೊಂದಕ್ಕೆ, ಜಯಮ್ಮ ಹಿಂದಿನಿಂದ ಸೊಂಟಕ್ಕೆ. "ಎಡಗಾಲು ಮೊದ್ಲು ಕಣ್ಲಾ, ಎಡಗಾಲು!" ಎಂದು ಅಕ್ಕ ಎದುರು ನಿಂತು ಕೂಗುತ್ತಿದ್ದಳು. ಎಳೆದು ಹಾಕಿದರು.

ಇಳಿದದ್ದು ನಾನೊಬ್ಬನೇ, ಮೇಲೆ ಬರಲು ಮೂವರು ಬೇಕಾಯಿತು. ಮರುತಿಂಗಳು ಇಬ್ಬರು. ಈಗ ಒಬ್ಬಳು ಸಾಕು. ಕೂಗಿದರೆ ಒಲೆ ಸಣ್ಣ ಮಾಡಿ ಕೈ ಒರೆಸಿಕೊಂಡು ಬರುತ್ತಾಳೆ. ಅವಳು ಬರುವವರೆಗೆ ನಾನು ಗುಂಡಿಯಲ್ಲೇ ಕೂತು ಇನ್ನೆರಡು ಎಳೆ ಹಾಕುತ್ತೇನೆ.